ಚಿನ್ನದ ಪ್ಲಾನೂ ಅಕ್ಕನ ತಗ್ಗಿದ ತಲೆಯೂ

ಸರ್ವಸಮಾನ ಟೆಲಿಕಾಂ ಕಂಪನಿಯ ಮುಖ್ಯಸ್ಥರಾದ ಮಾನ್ಯರೇ,

ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದು, ಒಳಗೆ ಮಾತ್ರ ಏನೂ ಬಾರದಿರುವ ಈ ಶುಭಸಂಜೆ ಗೋಗಿ ಎಂಬ ಹಳ್ಳಿಯಿಂದ ತಮ್ಮ ಅಗ್ಗದ ಪ್ಲಾನಿನ ಗಿರಾಕಿ ತಿರುಪತಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಟವರಿನಲ್ಲಿ ಗದ್ದಲ ಹೆಚ್ಚಾದಾಗ ಹೆಚ್ಚು ದುಡ್ಡು ತೆತ್ತ ಚಿನ್ನದ ಪ್ಲಾನಿನವರ ಡೇಟಾ ಮೊದಲು ಹೋಗುತ್ತದೆ, ನಮ್ಮಂಥವರದು ಸರದಿಯಲ್ಲಿ ನಿಲ್ಲುತ್ತದೆ ಎಂದು ತಮ್ಮ ಸಹಾಯವಾಣಿಯ ತಾಯಿ ಜೇನಿನಂಥ ದನಿಯಲ್ಲಿ ತಿಳಿಸಿದರು. ಎಂಥ ನ್ಯಾಯ! ಕಳೆದ ಭಾನುವಾರ ಸಂಜೆ ನಮ್ಮಕ್ಕ ಸುಮಲತಾಳನ್ನು ವಿಡಿಯೊ ಕಾಲ್‌ನಲ್ಲಿ ನೋಡಲು ಮಸ್ಕತ್‌ನಿಂದ ವರನೂ ಸುರಪುರದಿಂದ ಅವನ ತಾಯಿ ದೇವಕಮ್ಮನವರೂ ಕೂತಿದ್ದಾಗ ಅದರ ದರ್ಶನ ನಮಗಾಯಿತು. "ಮದಿವ್ಯಾದ ಮ್ಯಾಲ ನರ್ಸಿಂಗ್ ಓದು ಸಾಕಲ್ಲವ್ವ?" ಎಂದು ದೇವಕಮ್ಮನವರು ಕೇಳಿದರು. ಅಕ್ಕ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡು, ತಲೆ ಎತ್ತಿ, "ಇಲ್ರಿ ಅತ್ತಿ, ಮುಗಸೇ ಮುಗಸ್ತೀನ್ರಿ" ಎಂದಳು. ತಗ್ಗಿಸಿದ ತಲೆಯನ್ನು ಸುರಪುರಕ್ಕೆ ಮುಟ್ಟಿಸಿದ ತಾವು, ಎತ್ತಿದ ತಲೆಯನ್ನೂ ಆ ಮಾತನ್ನೂ ಸರದಿಯಲ್ಲಿ ನಿಲ್ಲಿಸಿದಿರಿ. ನಮ್ಮ ಕಡೆ ಕನ್ಯೆ ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಂತೆ. ಪರದೆಯ ಮೇಲೆ ಅಲುಗಾಡದೆ ನಿಂತ ಅಕ್ಕನನ್ನು ಕಂಡು ಸುರಪುರದಲ್ಲಿ ಸಂಬಂಧ ಕುದುರಿತೆಂದು ಸಕ್ಕರೆ ಹಂಚಿಯೂ ಆಯಿತು.

ಅದೇ ಹೊತ್ತಿಗೆ ಎದುರು ಮನೆಯ ಮಸ್ತಾನಸಾಬ ಕಾಕಾರ ಚಿನ್ನದ ಪ್ಲಾನಿನ ಫೋನಿನಲ್ಲಿ, ಅಡುಗೆ ವಿಡಿಯೊದೊಳಗೆ, ಯಾರೋ ಒಂದು ಕ್ಷಣವೂ ನಿಲ್ಲದೆ ಕೋಳಿ ಹುರಿಯುತ್ತಿದ್ದರು. ಕಾಕಾ ಗೊರಕೆ ಹೊಡೆಯುತ್ತಿದ್ದರು. ಮಲಗಿದವರಿಗೂ ಮೊದಲ ಸೇವೆ ಸಲ್ಲಿಸುವ ತಮ್ಮ ನಿಷ್ಠೆ ಕಂಡು ನನ್ನ ಕಣ್ಣು ತುಂಬಿ ಬಂತು.

"ಸಕ್ಕರಿ ಹಂಚ್ಯಾರಂತ, ಇನ್ನ ಸುಮ್ನಿರು" ಎಂದಳು ಅವ್ವ. ಅಕ್ಕ ಸುಮ್ಮನಿರಲಿಲ್ಲ, ಮರುದಿನವೇ ಸುರಪುರಕ್ಕೆ ಹೊರಟಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ್ದರಿಂದ ಅವಳನ್ನು ನಡುದಾರಿಯ ಶಹಾಪುರದಲ್ಲೇ ಇಳಿಸಿ, ದುಡ್ಡು ಕೊಟ್ಟವರನ್ನು ಮೊದಲು ಮುಟ್ಟಿಸಿ ಬರುವ ಬುದ್ಧಿ ಆ ದಡ್ಡ ಸರ್ಕಾರಿ ಬಸ್ಸಿಗೆ ಹೊಳೆಯಲೇ ಇಲ್ಲ. ದೇವಕಮ್ಮನವರ ಅಂಗಳದಲ್ಲಿ ನಿಂತು ಅಕ್ಕ ಆ ಮಾತನ್ನು ಪೂರ್ತಿ ಹೇಳಿದಳು. "ನಿನ್ನೀನೇ ಹೇಳಬಾರದೇನವ್ವ? ಓದು, ನನ್ನ ಬಿಪಿ ನೋಡಾಕರ ಆಗ್ತದ" ಎಂದರಂತೆ ಅವರು.

ಆದ್ದರಿಂದ ಮಾನ್ಯರೇ, "ಹೂಂ" ಎಂಬುದು ಬೇಕಾದರೆ ಸರದಿಯಲ್ಲಿ ನಿಲ್ಲಲಿ, "ಇಲ್ರಿ" ಎಂಬ ಮಾತಿಗಾದರೂ ಚಿನ್ನದ ಪ್ಲಾನನ್ನು ದಯಪಾಲಿಸಬೇಕು. ಅದಾಗದಿದ್ದರೆ ಆ ಬಸ್ಸಿನ ಡ್ರೈವರನ್ನೇ ತಮ್ಮ ಟವರಿನ ಮೇಲೆ ಕೂಡಿಸಬೇಕು.

ಸರದಿಯಲ್ಲಿ ನಿಂತೇ ಇರುವ ತಮ್ಮ ವಿಶ್ವಾಸಿ,
ತಿರುಪತಿ

ತಾ.ಕ.: ಊರಿಗೆಲ್ಲ ಚಿನ್ನದ ಪ್ಲಾನನ್ನು ಪುಕ್ಕಟೆ ಕೊಡಬೇಕೆಂದೂ ಈ ಮೂಲಕ ಕೇಳಿಕೊಂಡಿದ್ದೇನೆ. ತಮ್ಮಿಂದ ಉತ್ತರ ಬಾರದಿದ್ದರೆ ತಾವು ತಲೆ ತಗ್ಗಿಸಿದ್ದೀರೆಂದು ತಿಳಿದು ಗೋಗಿಯಲ್ಲಿ ನಾವು ಸಕ್ಕರೆ ಹಂಚುತ್ತೇವೆ.