ಅರ್ಧಕ್ಕೆ ನಿಂತ ಮುಳ್ಳು

ಕಾರಿನಲ್ಲಿ ಏನೂ ಕೆಟ್ಟಿಲ್ಲ ಎಂದು ಮೆಕ್ಯಾನಿಕ್ ಹೇಳಿದರೆ ನೀವೇನು ಮಾಡುತ್ತೀರಿ? ದೇವರು ದೊಡ್ಡವನು ಎಂದುಕೊಂಡು ಮನೆಗೆ ಹೋಗುತ್ತೀರಿ. ನಮ್ಮ ಮಾಮಾ ಜಗಳಕ್ಕೆ ನಿಲ್ಲುತ್ತಾನೆ! ಇಂಡಿಯಿಂದ ತಾಳಿಕೋಟೆಯವರೆಗೆ ಅವನ ಬಾಯಿಗೆ ಸಿಗದ ಗ್ಯಾರೇಜು ಉಳಿದಿಲ್ಲ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ, ಇಂಡಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರ. ಅವನ ಕಾರೂ ನಿವೃತ್ತಿಯ ವಯಸ್ಸಿನದೇ. ಜಗಳವೆಲ್ಲ ಅದರ ಪೆಟ್ರೋಲ್ ಮುಳ್ಳಿನದು. ಮೂರು ವರ್ಷದ ಹಿಂದೆ ಅವನ ಹೆಂಡತಿ, ನಮ್ಮ ಅತ್ತೆಯನ್ನು ವಿಜಯಪುರದ ಆಸ್ಪತ್ರೆಗೆ ಒಯ್ಯುವಾಗ ಕಾರು ನಡುದಾರಿಯಲ್ಲಿ ನಿಂತುಬಿಟ್ಟಿತು. ಟಾಕಿ ಖಾಲಿ! ಮುಳ್ಳು ಮಾತ್ರ ಅರ್ಧ ತೋರಿಸುತ್ತಿತ್ತು ಎಂದು ಮಾಮಾ ಹೇಳುತ್ತಾನೆ. ಬೇರೆ ಗಾಡಿ ಸಿಗುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದಳು. ಮಣ್ಣಿಗೆ ಬಂದ ಅತ್ತೆಯ ಅಣ್ಣ ಎಲ್ಲರೆದುರು, "ಇಂವಾ ಮುಳ್ಳ ನೋಡೇ ಇಲ್ಲ. ಈಗ ತಪ್ಪ ಅದರ ಮ್ಯಾಲ ಹಾಕಾಕತ್ತಾನ" ಎಂದ. ಅಂದಿನಿಂದ ಮಾಮಾನಿಗೆ ಒಂದೇ ಗೀಳು. ಆ ಮುಳ್ಳು ಕೆಟ್ಟಿದೆ ಎಂದು ಯಾರಾದರೂ ಒಬ್ಬ ಹೇಳಬೇಕು.

ಸಿಂದಗಿಯ ಮೆಕ್ಯಾನಿಕ್ ಮೀಟರನ್ನೇ ಬಿಚ್ಚಿ ನೋಡಿದ. "ಚಲೋ ಐತ್ರಿ."

"ಸರಿಯಾಗಿ ನೋಡು."

"ಎರಡ ಸಲ ನೋಡೇನ್ರಿ."

"ಹಂಗಾರ ನಿನ್ನ ಕಣ್ಣ ಕೆಟ್ಟಾವು!"

ಬಸವನ ಬಾಗೇವಾಡಿಯಲ್ಲಿ ವೈರೆಲ್ಲ ಹೊಸವಾದವು. ಮೊದಲೂ ಸರಿ ಇದ್ದ ಮುಳ್ಳು ಆಮೇಲೂ ಸರಿ ಇತ್ತು. ಮುದ್ದೇಬಿಹಾಳದವನು ಕನಿಕರದ ಮನುಷ್ಯ. ಮಾಮಾನ ಮುಖ ನೋಡಿ, "ಕೆಟ್ಟೈತಿ ಬಿಡ್ರಿ ಯಜಮಾನ್ರ" ಎಂದ. ಮಾಮಾ ಅರಳಿಹೋದ. "ಎಲ್ಲಿ ಕೆಟ್ಟೈತಿ?" ಪಾಪ, ಅವನು ತಲೆ ಕೆರೆದುಕೊಂಡು, "ನೀವ ಹೇಳ್ರಿ, ಎಲ್ಲಿ ಕೆಡಸೂಣು?" ಎಂದ!

ಈ ನಡುವೆ ಮಾಮಾ ಪೆಟ್ರೋಲ್ ಅಳೆಯುವುದು ಜೋಳದ ದಂಟಿನಿಂದ. ಟಾಕಿಗೆ ಇಳಿಬಿಟ್ಟು, ಎತ್ತಿ, ಒದ್ದೆಯಾದಷ್ಟಕ್ಕೆ ಬೆರಳಿಟ್ಟು ನೋಡುತ್ತಾನೆ. ಒಮ್ಮೆ ಆ ದಂಟಿಗೆ ಬಾಯಿ ಹಾಕಲು ಬಂದ ಎಮ್ಮೆ ಮೂಸಿ ಹಿಂದೆ ಸರಿಯಿತು. "ನೋಡು, ಎಮ್ಮಿಗೂ ತಿಳೀತು ಪೆಟ್ರೋಲ್ ಐತಿ ಅಂತ. ಈ ಮುಳ್ಳಿಗೆ ಅವತ್ತು ತಿಳೀಲಿಲ್ಲ" ಎಂದ ಮಾಮಾ. ನಗಬೇಕೋ ಬೇಡವೋ ಎಂದು ನಾನು ಎಮ್ಮೆಯ ಕಡೆ ನೋಡುತ್ತ ನಿಂತೆ.

ಹೋದ ತಿಂಗಳು ತಾಳಿಕೋಟೆಗೆ ನಾನೂ ಜೊತೆಗೆ ಹೋದೆ. ಅಲ್ಲಿಯ ಮುದುಕ ಮೆಕ್ಯಾನಿಕ್ ಮೀಟರಿಗೆ ಕೈ ಹಚ್ಚಲಿಲ್ಲ. ನೇರ ಟಾಕಿಯನ್ನೇ ಇಳಿಸಿ, ಒಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ.

"ಯಜಮಾನ್ರ, ಪೆಟ್ರೋಲಿನ ಮ್ಯಾಲ ತೇಲೂ ಬಿರಡಿ ಐತಲ್ರಿ, ಅದರ ಕಡ್ಡಿ ಅರ್ಧಕ್ಕ ಇಳದಾಗ ಟಾಕಿ ಒಳಗಿನ ಈ ಸೊಟ್ಟ ತಗಡಿಗೆ ಸಿಕ್ಕೊಂಡ ನಿಲ್ಲತೈತಿ. ಗಾಡಿ ತಗ್ಗಿನ್ಯಾಗ ಬಿದ್ದು ಜಿಗದ್ರ ಬಿಡತೈತಿ."

ತಿಳಿಯಿತೇ? ಗ್ಯಾರೇಜಿಗೆ ಹೋಗುವ ದಾರಿಯ ತಗ್ಗುಗಳೇ ಮುಳ್ಳನ್ನು ರಿಪೇರಿ ಮಾಡಿ ಕಳಿಸುತ್ತಿದ್ದವು! ನಮ್ಮ ರಸ್ತೆಗಳಿಂದ ಒಂದು ಉಪಕಾರವಾದದ್ದು ಅದೇ ಮೊದಲು. ನಾನು ನಕ್ಕೆ. ಮಾಮಾ ನಗಲಿಲ್ಲ.

"ರೋಡ್ ಚಲೋ ಇದ್ರ?"

"ಬಿಡಂಗಿಲ್ರಿ. ಖಾಲಿ ಆದ್ರೂ ಅರ್ಧಾನ ತೋರಸತೈತಿ."

ಮೂರು ವರ್ಷ ಹುಡುಕಿದ ಮಾತು ಸಿಕ್ಕಿತ್ತು. ಮಾಮಾ ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಸಿದು ಕುಳಿತ. "ಅಕೀಗಿ ತಗ್ಗಿನ ಕುಲುಕಾಟ ಆಗಬಾರ್ದಂತ, ಸುತ್ತಾದ್ರೂ ಆ ವಾರ ಪೂರಾ ದವಾಖಾನಿಗೆ ಚಲೋ ಹೆದ್ದಾರಿಗೇ ಹೋಗಿ ಬಂದಿದ್ದೆ, ಅಳಿಯಾ" ಎಂದ.

ಅತ್ತೆಯ ಅಣ್ಣನ ಮಾತನ್ನು ಒಳಗೊಳಗೇ ನಂಬಿದ್ದವರಲ್ಲಿ ನಾನೂ ಒಬ್ಬ. ಆ ನಾಚಿಕೆಗೆ ಫೋನ್ ತೆಗೆದು, "ಈಗಲೇ ಅವರಿಗೆ ಹೇಳ್ತೇನಿ ಮಾಮಾ, ನಿಂದೇನೂ ತಪ್ಪಿಲ್ಲಂತ" ಎಂದೆ.

ಮಾಮಾ ನನ್ನ ಕೈ ಹಿಡಿದು ತಡೆದ.

"ನನ್ನ ತಪ್ಪಿನ ಚಿಂತಿ ಅಲ್ಲೋ. ಇಂವಾ ನೋಡೇ ಇಲ್ಲ ಅಂದ್ರಲ್ಲ, ಖರೇನ, ನಾ ನೋಡಿರ್ಲಿಲ್ಲ. ನನ್ನ ಕಣ್ಣೆಲ್ಲಾ ದಾರಿ ಮ್ಯಾಲ ಇತ್ತು. ಅಕೀನ ಬಗ್ಗಿ ಮುಳ್ಳ ನೋಡಿ, 'ಅರ್ಧ ಐತ್ರಿ, ಸಾವಕಾಶ ನಡೀರಿ' ಅಂದ್ಲು. ಅದನ್ನ ನಾ ಯಾರ ಮುಂದ ಹೇಳ್ಲಿ? ಹೋದಾಕಿ ಮ್ಯಾಲ ಹಾಕ್ಲೇನು?"

ಕಣ್ಣೊರೆಸಿಕೊಂಡು ಆ ಸೊಟ್ಟ ತಗಡನ್ನು ಮತ್ತೊಮ್ಮೆ ನೋಡಿದ.

"ಅಕಿ ಸರಿಯಾಗೇ ನೋಡಿದ್ಲು."