‘ಊಟ ಆತೇನ್ರಿ’ ಎಂದು ಕೇಳದ ಕಾರ್ಡ್ ಕಂಪನಿ

ನಮ್ಮ ಸೋದರಮಾವನ ಮನೆಗೆ ಕಳ್ಳ ನುಗ್ಗಿದರೂ ಮಾವ ಪೊಲೀಸರನ್ನು ಕರೆಯುವುದಿಲ್ಲ. ಬಂದವನು "ಊಟ ಆತೇನ್ರಿ?" ಎಂದು ಕೇಳುತ್ತಾನೋ ಇಲ್ಲವೋ ಎಂದು ಕಾಯುತ್ತಾನೆ! ಕೇಳಿದರೆ ನಮ್ಮವ, ಕೇಳದಿದ್ದರೆ ಕಳ್ಳ. ಮನುಷ್ಯರನ್ನು ತೂಗಲು ಅವನ ಬಳಿ ಇರುವುದು ಇದೊಂದೇ ತಕ್ಕಡಿ. ಕುಳಗೇರಿ ಕ್ರಾಸಿನ ಅವನ ಮೋಟಾರು ರಿಪೇರಿ ಅಂಗಡಿಗೆ ಬಂದು ನೇರವಾಗಿ ರೇಟು ಕೇಳಿದವರಿಗೆ ಅವನು ಉತ್ತರವನ್ನೇ ಕೊಡುವುದಿಲ್ಲ. ಹೀಗಾದರೆ ವ್ಯಾಪಾರ ಹೇಗೆ? ಗಿರಾಕಿಗಳೇ ಪಾಠ ಕಲಿತಿದ್ದಾರೆ!

ಮಾವ ಮೊಬೈಲಿನಲ್ಲಿ ಮೇಲ್ ನೋಡಲು ಕಲಿತ ಮೇಲೆ ತಕ್ಕಡಿ ಅಲ್ಲಿಗೂ ಹೋಯಿತು. ಮಾವನ ಕ್ರೆಡಿಟ್ ಕಾರ್ಡಿನ ಕಂಪನಿಯ ವೇಷದಲ್ಲಿ ಒಂದು ಮೇಲ್ ಬಂತು: "ಮಾನ್ಯ ಗ್ರಾಹಕರೇ, ಕೂಡಲೇ ಕಾರ್ಡ್ ನಂಬರ್ ತಿಳಿಸಿ." ಮಾವ ಉತ್ತರ ಬರೆದ: "ಮೊದಲು ನಿಮ್ಮ ಊರು ಯಾವುದು ತಿಳಿಸಿರಿ." ಕ್ಷಣದಲ್ಲೇ ‘ಕೊನೆಯ ಎಚ್ಚರಿಕೆ’ ಬಂತು.

"ನೋಡಲೇ ತಮ್ಮಾ, ಊರ ಕೇಳಿದ್ದಕ್ಕ ಇಷ್ಟ ಸಿಟ್ಟೇನು?"

"ಮಾಮಾ, ಅಂಥವಕ್ಕ ಉತ್ತರನ ಕೊಡಬಾರದ್ರಿ! ಮತ್ತ, ಖರೆ ಕಂಪನಿಯವರೂ ಊಟ ಕೇಳಂಗಿಲ್ಲ."

"ಕೇಳಂಗಿಲ್ಲ ಖರೆ. ಆದ್ರ ಹೆಸರ ಹಿಡದು ಕರೀತಾರ. ಮೇಲ್‌ನ್ಯಾಗ ನಂಬರೂ ಕೇಳಂಗಿಲ್ಲ."

ನಾನು ನಕ್ಕುಬಿಟ್ಟೆ.

ಹೋದ ತಿಂಗಳು ಬಾಗಲಕೋಟೆಯಲ್ಲಿ ಅತ್ತೆಗೆ ಹೃದಯದ ಆಪರೇಷನ್. ಖರ್ಚಿಗೆಲ್ಲ ಮಾವನ ಆ ಕಾರ್ಡೇ ಆಧಾರ. ಅತ್ತೆಯನ್ನು ಒಳಗೆ ಕರೆದೊಯ್ದ ಹೊತ್ತಿಗೇ, ನನ್ನ ಕೈಲಿದ್ದ ಮಾವನ ಮೊಬೈಲಿಗೆ ಮೇಲ್ ಬಂತು: "ನಿಮ್ಮ ಕಾರ್ಡ್ ಇಂದೇ ಬಂದ್ ಆಗಲಿದೆ. ಇಲ್ಲಿ ಒತ್ತಿ, ಕಾರ್ಡ್ ನಂಬರ್ ಕೊಡಿ." ದುಡ್ಡು ಕಟ್ಟುವುದು ಹೇಗೆ ಎಂಬ ಗಾಬರಿಯಲ್ಲಿ ಒತ್ತಲು ಬೆರಳು ಚಾಚಿದೆ. ಮಾವ ಕೈ ಹಿಡಿದ.

"ನನ್ನ ಹೆಸರ ಐತೇನು?"

"ಇಲ್ರಿ."

"ಏನ ಕೇಳ್ಯಾರ?"

"ಕಾರ್ಡ್ ನಂಬರ್."

"ಹಂಗಾದ್ರ ಬಿಡು. ಕಾರ್ಡಿನ ಹಿಂದ ಇರೋ ನಂಬರಿಗೆ ಫೋನ್ ಹಚ್ಚು."

ಹಚ್ಚಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಅಂಥ ಮೇಲ್ ಅವರು ಕಳಿಸಿಯೇ ಇರಲಿಲ್ಲ. ಬೇರೆ ದಿನವಾಗಿದ್ದರೆ ನನ್ನನ್ನು ಕಾಡಿಸುತ್ತಿದ್ದ ಮಾವ ಅಂದು ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತ ಕೂತ. ಬೆಳಗಿನಿಂದ ಅವನ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ.

ಸಂಜೆ ಒಳಗೆ ಬಿಟ್ಟರು. ಅತ್ತೆ ಕಣ್ಣು ಬಿಟ್ಟಳು, ನನ್ನನ್ನು ಗುರುತಿಸಲಿಲ್ಲ. ಮಾವನ ಮುಖವನ್ನು ಬಹಳ ಹೊತ್ತು ನೋಡಿದಳು. ನನಗೆ ಹೆದರಿಕೆಯಾಯಿತು. ಕಡೆಗೆ ಒಣಗಿದ ತುಟಿ ಅಲುಗಿತು.

"ಊಟ ಆತೇನ್ರಿ?"

ಸುಳ್ಳರನ್ನು ಹಿಡಿಯುವ ನಮ್ಮ ಮಾವ "ಆತು" ಎಂದು ಸುಳ್ಳು ಹೇಳಿ, ಗಳಗಳನೆ ಅತ್ತುಬಿಟ್ಟ.