ಬೋಲ್ಟಿನ ಅಡಿಯ ಕಾಸು

ಚಳಿ ಕಳೆದು ಬಿಸಿಲು ಬಲಿಯತೊಡಗಿತ್ತು. ಬಾವಿಗಳ ನೀರು ಇಳಿದಂತೆಲ್ಲ ಪಂಪು ರಿಪೇರಿಯವನ ಕೆಲಸ ಏರುವ ಕಾಲ. ಬೆಳಿಗ್ಗೆ ಎಂಟಕ್ಕೇ ಅವನ ಅಂಗಳದಲ್ಲಿ ಮೂರು ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಅವನು ಮಾತ್ರ ಒಂದನ್ನೂ ಮುಟ್ಟದೆ, ಮೊಟ್ಟೆ ಇಡಲು ಜಾಗ ಹುಡುಕುವ ಕೋಳಿಯ ಹಾಗೆ ಬಾಗಿಲಿಂದ ಬೇಲಿಗೆ, ಬೇಲಿಯಿಂದ ಬಾಗಿಲಿಗೆ ಸುತ್ತುತ್ತಿದ್ದ. ಕೈಯಲ್ಲಿ ಫೋನು. ಅದರಲ್ಲಿ ಬಂದದ್ದು ಇಷ್ಟೇ: “ಸರ್, ಹನ್ನೊಂದರ ಬಸ್ಸಿಗೆ ನಿಮ್ಮಲ್ಲಿಗೆ ಬರುತ್ತಿದ್ದೇನೆ. ನೋಡಲೇಬೇಕು.”

ಬರೆದವರು ಹಳೇ ಕಾಸು ಕೂಡಿಡುವವರ ಗುಂಪಿನ ಹಿರಿಯರು, ಒಬ್ಬ ನಿವೃತ್ತ ಮೇಷ್ಟ್ರು. ಆ ಗುಂಪಿನಲ್ಲಿ ಯಾರೂ ಯಾರ ಮುಖವನ್ನೂ ಕಂಡವರಲ್ಲ, ಊರಿನ ಹೆಸರಷ್ಟೇ ಗೊತ್ತು. ಫೋನಿನಲ್ಲಿ ಮುಖವಿರಬೇಕಾದ ಜಾಗದಲ್ಲಿ ಎಲ್ಲರದೂ ಒಂದೊಂದು ಕಾಸಿನ ಚಿತ್ರ. ನಿಮ್ಮ ಚಿತ್ರದ ಹಿಂದಿನ ಕತೆ ಹೇಳಿ ಎಂದು ಮೇಷ್ಟ್ರು ಈ ವಾರ ಎಲ್ಲರನ್ನೂ ಕೇಳಿದ್ದರು. ತನ್ನ ಕಾಸು ಒಂದು ಮಗು ನುಂಗಿ ಮೂರನೆಯ ದಿನ ಹೊರಗೆ ಬಂದದ್ದು ಎಂದಳು ಒಬ್ಬ ನರ್ಸಮ್ಮ. ತನ್ನದು ಮದುವೆಗೆ ಒಪ್ಪಲೋ ಬೇಡವೋ ಎಂದು ಚಿಮ್ಮಿ ನೋಡಿದ ಕಾಸು, ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದ ಒಬ್ಬ ಕಂಡಕ್ಟರು.

ನಮ್ಮವನ ಚಿತ್ರದಲ್ಲಿದ್ದದ್ದು ಎರಡು ಬೆರಳುಗಳ ನಡುವೆ ಹಿಡಿದ, ನಡುವೆ ತೂತಿರುವ ತಾಮ್ರದ ಕಾಸು. ಗುಜರಿಯಲ್ಲಿ ಸಿಕ್ಕಿದ್ದೆನ್ನಲು ನಾಚಿಕೆಯಾಯಿತು. ಹೊಳೆಯಲ್ಲಿ ಮುಳುಗುತ್ತಿದ್ದ ಸಾಹುಕಾರನೊಬ್ಬನನ್ನು ತನ್ನ ಮುತ್ತಜ್ಜ ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದನೆಂದೂ, ಅವನು ಕೊಟ್ಟ ಈ ಕಾಸು ನಾಲ್ಕು ತಲೆಮಾರಿನಿಂದ ಪೆಟ್ಟಿಗೆ ಬಿಟ್ಟು ಕದಲಿಲ್ಲವೆಂದೂ ಬರೆದುಬಿಟ್ಟ. ಎಪ್ಪತ್ತು ಜನ ಚಪ್ಪಾಳೆ ಒತ್ತಿದರು. ‘ಸರ್’ ಎಂದರು. ಊರಿನಲ್ಲಿ ಅವನಿಗೆ ‘ನಟ್ಟು’ ಎಂದೇ ಹೆಸರು, ಸಿಟ್ಟು ಬಂದರೆ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಈ ಭೂಮಿಯ ಮೇಲೆ ಅವನು ಸರ್ ಆಗಿದ್ದದ್ದು ಆ ಗುಂಪೊಂದರಲ್ಲೇ. ಅಲ್ಲಿ ಪಂಪಿನ ಸುದ್ದಿಯನ್ನು ಅಪ್ಪಿತಪ್ಪಿಯೂ ಎತ್ತಿರಲಿಲ್ಲ.

ಆ ಕಾಸು ಈಗ ಪೆಟ್ಟಿಗೆಯಲ್ಲಿರಲಿಲ್ಲ. ಹತ್ತು ತಿಂಗಳ ಹಿಂದೆ ಪಕ್ಕದ ಮನೆಯ ಹಾಲತ್ತೆಯ ಪಂಪು ಜೋಡಿಸುವಾಗ ಒಂದು ವಾಷರ್ ಕಡಿಮೆ ಬಿತ್ತು. ನಾಳೆ ಬದಲಿಸಿದರಾಯಿತೆಂದು ಜೇಬಿನಲ್ಲಿದ್ದ ಕಾಸನ್ನೇ ಬೋಲ್ಟಿಗೆ ತೂರಿಸಿ ಬಿಗಿದಿದ್ದ. ಕಾಸು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಂದಿನಿಂದ ಪಂಪು ಒಮ್ಮೆಯೂ ಕೆಮ್ಮಲಿಲ್ಲ. ಅವನು ಅದರ ಹತ್ತಿರ ಸುಳಿಯಲೂ ಹಾಲತ್ತೆ ಬಿಡಲಿಲ್ಲ.

ಒಂಬತ್ತಕ್ಕೆ ಅವನು ಬೇಲಿ ದಾಟಿದ.

“ಅತ್ತೆ, ಪಂಪು ಒಂದ್ಸಲ ಬಿಚ್ಚಿ ನೋಡ್ಬೇಕಲ್ಲ. ಏನೋ ಸದ್ದು ಬರ್ತಿದೆ.”

ಹಾಲತ್ತೆ ಹಸುವಿನ ಬಳಿಯಿಂದ ಎದ್ದು ಕಿವಿಗೊಟ್ಟಳು. “ಎಲ್ಲಿಂದ ಬರುತ್ತೋ ಸದ್ದು? ನಾನಿನ್ನೂ ಸ್ವಿಚ್ಚೇ ಹಾಕಿಲ್ಲ.”

“ಅದಲ್ಲ ಅತ್ತೆ... ಒಳಗೊಂದು ತಾಮ್ರ ಇದೆ. ಸವೆದು ನೀರಿಗೆ ಸೇರಿದ್ರೆ ವಿಷ, ಅದಕ್ಕೇ.”

ಈ ಮಾತು ಆಡಬಾರದಿತ್ತು. ಅದೇ ಬಾವಿಯ ನೀರು ಕುಡಿಯುವ ದರ್ಜಿ ಬೇಲಿಯಾಚೆ ಬಿಂದಿಗೆ ಹಿಡಿದು ನಿಂತಿದ್ದ. “ವಿಷಾನಾ! ಅದೇ ನೋಡು, ಮೂರು ದಿನದಿಂದ ನನ್ನ ಹೊಟ್ಟೆ ಗುಡುಗುಡು ಅಂತಿದೆ!” ಅವನ ಹಿಂದೆ ನಿಂತಿದ್ದ ಪೋಸ್ಟಣ್ಣ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಗಿತ್ತು. ಆದರೂ ಸುದ್ದಿಯನ್ನು ಮನೆ ನಂಬರಿನ ಕ್ರಮದಲ್ಲೇ, ಒಂದು ಬಾಗಿಲೂ ಬಿಡದೆ ತಲುಪಿಸಿದ. ಹತ್ತು ಗಂಟೆಗೆ ಬಾವಿಯ ಸುತ್ತ ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು.

“ಇನ್ನು ನನ್ನ ಹಾಲು ಯಾರು ಕೊಳ್ತಾರೆ?” ಹಾಲತ್ತೆ ಕೆಂಡವಾದಳು. “ಬಿಚ್ಚೋ ಈಗ್ಲೇ! ಎಲ್ಲರ ಕಣ್ಣೆದುರಿಗೇ ಬಿಚ್ಚು!”

ಬಿಚ್ಚುವುದೇನೋ ಅವನಿಗೂ ಬೇಕಿತ್ತು. ಆದರೆ ನಲವತ್ತು ಕಣ್ಣುಗಳ ಎದುರಿಗಲ್ಲ. ಬೋಲ್ಟು ಜಿದ್ದಿಗೆ ಬಿದ್ದಂತೆ ಕೂತಿತ್ತು. ಅವನು ಬೆವರಿಳಿಸಿ ಅದನ್ನು ಸಡಿಲಿಸಿದಾಗ ಹತ್ತೂವರೆ. ಕಾಸು ಕೈಗೆ ಬಿತ್ತು. ದರ್ಜಿ ಆಕಳಿಸಿದ್ದೇ ತಡ, ನಮ್ಮವನು ಅದನ್ನು ಗಪ್ಪನೆ ಬಾಯಿಗೆ ಎಸೆದುಕೊಂಡು, ಜೇಬಿನಲ್ಲಿ ತಂದಿದ್ದ ಕಬ್ಬಿಣದ ವಾಷರ್ ಹಾಕಿ ಬಿಗಿದ.

“ಆ ತಾಮ್ರ ಎಲ್ಲಿ?” ಎಂದ ದರ್ಜಿ.

“ಊಂ.”

“ಏನಂದೆ?”

“ಊಂ ಊಂ.”

ಹಾಲತ್ತೆ ಸ್ವಿಚ್ಚು ಹಾಕಿದಳು. ಬಾಲ ತುಳಿಸಿಕೊಂಡ ಬೆಕ್ಕಿನಂತೆ ಪಂಪು ಕಿರುಚಿತು. ಅವಳು ಸ್ವಿಚ್ಚು ಆರಿಸಿ ಸೊಂಟದ ಮೇಲೆ ಕೈಯಿಟ್ಟಳು. “ಹತ್ತು ತಿಂಗಳು ಸೊಲ್ಲೆತ್ತದ ಪಂಪನ್ನ ಹತ್ತೇ ನಿಮಿಷದಲ್ಲಿ ಅಳಿಸಿದೆಯಲ್ಲೋ! ಹಳೇದೇ ಹಾಕು. ಎಲ್ಲಿ ಅದು?”

ಅವನ ಉಬ್ಬಿದ ಕೆನ್ನೆಯನ್ನು ಪೋಸ್ಟಣ್ಣ ಎರಡು ಬೆರಳಲ್ಲಿ ಒತ್ತಿದ. ಕಾಸು ಹಾಲತ್ತೆಯ ಕಾಲ ಬುಡಕ್ಕೆ ಉದುರಿತು.

“ವಿಷ ಅಂದೋನೇ ಬಾಯಲ್ಲಿ ಇಟ್ಕೊಂಡಿದಾನೆ!” ಎಂದು ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ.

“ಇಟ್ಕೊಂಡೂ ಬದುಕಿದಾನಲ್ಲ,” ಹಾಲತ್ತೆ ಕಾಸನ್ನೆತ್ತಿ ಒರೆಸಿದಳು. “ಅಂದ್ಮೇಲೆ ನೀರಿಗೇನೂ ಆಗಿಲ್ಲ. ನಿಮ್ಮ ಹೊಟ್ಟೆಗಳಿಗೂ ಏನೂ ಆಗಿಲ್ಲ, ಕೈ ತೆಗೀರಿ. ತಗೋ, ವಾಪಸ್ಸು ಹಾಕು.”

“ಅತ್ತೆ, ಅದು ನನ್ನ ಸ್ವಂತದ್ದು...”

“ವಾಷರ್‌ಗೆ ಅಂತ ಅವತ್ತು ಬೇರೆ ದುಡ್ಡು ಎಣಿಸ್ಕೊಂಡೆಯಲ್ಲ?”

ಅವನು ಪಾನಾ ಎತ್ತಿಕೊಂಡ. ಮಂಡಿಯೂರಿ ಮುತ್ತಜ್ಜನ ಕಾಸನ್ನು ಮತ್ತೆ ಬೋಲ್ಟಿಗೆ ತೂರಿಸಿದ. ಕೊನೆಯ ಸುತ್ತು ಬಿಗಿಯುವಾಗ ಜನರ ಹಿಂದಿನಿಂದ ತೆಳ್ಳನೆಯ ದನಿ ಕೇಳಿತು: “ಇಲ್ಲಿ ಕಾಸು ಕೂಡಿಡೋ ಸರ್ ಒಬ್ರು...”

“ಸರ್ರಾ? ನಮ್ಮಲ್ಲಿ ಯಾವ ಸರ್ರೂ ಇಲ್ಲಪ್ಪ,” ಎಂದ ಪೋಸ್ಟಣ್ಣ. “ನಟ್ಟು ಒಬ್ಬ ಇದಾನೆ, ನೋಡಿ, ಅಲ್ಲಿ ಬಗ್ಗಿಕೊಂಡು.”

ಬಂದವರು ಸಣಕಲು ಮನುಷ್ಯ. ಜೇಬಿನಲ್ಲಿ ಭೂತಗನ್ನಡಿ, ಪ್ಯಾಂಟಿನ ಮಂಡಿಯಲ್ಲಿ ಒಣಗಿದ ಮಣ್ಣು. ಅವನು ಎದ್ದು ನಿಂತ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಮೇಷ್ಟ್ರೇ, ತಪ್ಪಾಯ್ತು. ಮುತ್ತಜ್ಜ, ಹೊಳೆ, ಸಾಹುಕಾರ, ಎಲ್ಲ ಸುಳ್ಳು. ಕಾಸು ಈ ಪಂಪಿನೊಳಗಿದೆ. ನಾನು ಬರೀ ಪಂಪು ರಿಪೇರಿಯವನು. ಗುಂಪಿನಿಂದ ತೆಗೆದುಹಾಕಿ.”

ಮೇಷ್ಟ್ರ ಮುಖ ನೀರು ಕಂಡ ಗದ್ದೆಯಾಯಿತು. “ಹೌದಾ? ನಾನಂದ್ಕೊಂಡದ್ದು ಸರಿಯೇ ಆಯ್ತಲ್ಲ!” ಫೋನು ತೆಗೆದು ಅವನ ಚಿತ್ರವನ್ನೇ ಹಿಗ್ಗಿಸಿ ತೋರಿಸಿದರು. “ಎಲ್ಲರೂ ಕಾಸು ನೋಡಿದ್ರು ಸರ್. ನಾನು ಬೆರಳು ನೋಡಿದೆ. ಉಗುರಿನ ಸಂದೀಲಿ ಈ ಗ್ರೀಸು, ಹೆಬ್ಬೆರಳ ಮೇಲೆ ಪಾನಾ ಜಾರಿದ ಗಾಯ. ಒಂಬತ್ತು ದಿನದಿಂದ ನಮ್ಮ ಪಂಪು ಕೆಟ್ಟು ಕೂತಿದೆ, ಸಸಿಗಳು ತಲೆ ಬಗ್ಗಿಸ್ತಿವೆ. ಕರೆದ ಕಡೆ ಎಲ್ರೂ ನಾಳೆ ನಾಳೆ ಅಂತಾರೆ. ಫೋನಲ್ಲಿ ಹೇಳಿದ್ರೆ ನೀವೂ ಹಾಗೇ ಅಂದ್ಬಿಟ್ರೆ ಅಂತ ನಾನೇ ಬಂದೆ.”

“ಮತ್ತೆ... ಕಾಸು ನೋಡೋಕೆ ಅಲ್ವಾ?”

“ಅಯ್ಯೋ, ಅಂಥವು ನನ್ನ ಡಬ್ಬೀಲಿ ನಲವತ್ತಿವೆ. ಹನ್ನೆರಡಕ್ಕೆ ವಾಪಸ್ ಬಸ್ಸಿದೆ, ನಡೀರಿ.” ಅವನ ಸಾಮಾನಿನ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡರು.

ಹಾಲತ್ತೆ ಸ್ವಿಚ್ಚು ಹಾಕಿದಳು. ಪಂಪು ಬೆಣ್ಣೆಯಂತೆ ಓಡಿತು.

ಬಸ್ಸು ಹೊರಟ ಮೇಲೆ ಅವನು ಮೆಲ್ಲಗೆ ಕೆಮ್ಮಿದ. “ಮೇಷ್ಟ್ರೇ, ಕೂಲಿ...”

“ಛೆ ಛೆ! ಒಂದೇ ಗುಂಪಿನವರ ನಡುವೆ ದುಡ್ಡಿನ ಮಾತೇ ಸರ್?” ಮೇಷ್ಟ್ರು ಫೋನಿನಿಂದ ತಲೆಯೆತ್ತದೆ ನಕ್ಕರು. “ನಿಮ್ಮ ಚಿತ್ರದ ನಿಜವಾದ ಕತೆ ಎಲ್ಲರಿಗೂ ತಿಳೀಲಿ ಅಂತ ಬರೀತಿದ್ದೀನಿ.”

ಎರಡು ನಿಲ್ದಾಣ ದಾಟುವುದರೊಳಗೆ ಅವನ ಫೋನು ಟಿಣ್ ಟಿಣ್ ಎನ್ನತೊಡಗಿತು. ಬೈಗುಳವೆಂದು ಹೆದರಿ, ಒಂದು ಕಣ್ಣು ಮುಚ್ಚಿಕೊಂಡು ತೆರೆದ. ನರ್ಸಮ್ಮನ ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿತ್ತಂತೆ. ಕಂಡಕ್ಟರನ ಪಂಪು ನೀರೆತ್ತುತ್ತಿರಲಿಲ್ಲವಂತೆ. ಇನ್ನೂ ಹದಿನಾಲ್ಕು ಜನ ಸಾಲಿನಲ್ಲಿದ್ದರು. ಒಬ್ಬೊಬ್ಬರೂ ‘ಸರ್’ ಎಂದೇ ಶುರುಮಾಡಿದ್ದರು. ಕೂಲಿ ಎಷ್ಟೆಂದು ಒಬ್ಬರೂ ಕೇಳಿರಲಿಲ್ಲ.